ಮಗುವಿಗೊಂದು ಹಾಸಿಗೆ, ತಾಯಿಗೊಂದು ಹಾಸಿಗೆ, ಸಂಸಾರಕ್ಕೆ ಮಾತ್ರ ಕೋಣೆಯಿಲ್ಲ

ಬೀದಿಯಲ್ಲಿ ಸಂಸಾರ ಹೂಡಿರುವ, ಇಪ್ಪತ್ತರ ಆಸುಪಾಸಿನ ಅಪ್ಪ ಅಮ್ಮಂದಿರ ಬಗ್ಗೆ ನಮ್ಮ ಓದುಬರಹ ಬಲ್ಲ ವಲಯದಲ್ಲಿ ಎರಡು ಮಾತು ಓಡಾಡುತ್ತವೆ. ಒಂದು ಒರಟು ಮಾತು: ಸಾಕುವ ಯೋಗ್ಯತೆ ಇಲ್ಲದವರು ಹೆರುವುದೇಕೆ? ಇನ್ನೊಂದು ಕರುಣೆಯ ಮಾತು: ದೊಡ್ಡವರ ಪಾಡು ಏನಾದರೂ ಆಗಲಿ, ಆ ಕೂಸನ್ನಾದರೂ ಒಂದು ಒಳ್ಳೆಯ ಕಡೆ ಸೇರಿಸಬಾರದೆ? ಮೊದಲನೆಯದಕ್ಕೆ ಉತ್ತರ ಕೊಡುತ್ತಾ ಕೂರಬೇಕಿಲ್ಲ. ಹುಟ್ಟಿ ಕಣ್ಣೆದುರಿಗಿರುವ ಮಗುವನ್ನು ತೋರಿಸಿ ಇದು ಹುಟ್ಟಬಾರದಿತ್ತು ಎಂದರೆ ಅದು ವಾದವಾಗುವುದಿಲ್ಲ, ಬರೀ ಬೈಗುಳವಾಗುತ್ತದೆ. ಎರಡನೆಯದು ಹಾಗಲ್ಲ. ಅದು ಸಭ್ಯವಾಗಿದೆ, ಅದರಲ್ಲಿ ಮಗುವಿನ ಮೇಲಿನ ಕಾಳಜಿಯಿದೆ, ದಾನಿಗಳಿಗೂ ಅಧಿಕಾರಿಗಳಿಗೂ ಒಪ್ಪಿಗೆಯಾಗಿದೆ, ಸರ್ಕಾರದ ಯೋಜನೆಗಳ ಅಡಿಪಾಯದಲ್ಲೇ ಸೇರಿಹೋಗಿದೆ. ಆದ್ದರಿಂದಲೇ ಅದನ್ನು ಬಿಡಿಸಿ ನೋಡಬೇಕು. ಮನೆಯಿಲ್ಲದ ಎಳೆಯ ಸಂಸಾರದಿಂದ ಮಗುವನ್ನು ಎತ್ತಿಕೊಂಡು ಹೋಗುವುದನ್ನು ನಾವು ರಕ್ಷಣೆ ಎಂದು ಕರೆಯುತ್ತಿದ್ದೇವೆ. ಆ ಸಂಸಾರಕ್ಕೆ ಇಲ್ಲದಿರುವುದು ಬಾಗಿಲಿರುವ ಒಂದು ಕೋಣೆ ಮತ್ತು ಅದನ್ನು ಉಳಿಸಿಕೊಳ್ಳಲು ಒಂದೆರಡು ವರ್ಷದ ಆಸರೆ. ಅದನ್ನು ಕೊಡದೆ ಮಗುವನ್ನು ಮಾತ್ರ ತೆಗೆದುಕೊಳ್ಳುವುದು ಮಗುವಿನ ಹಿತಕ್ಕೂ ಸಲ್ಲದು, ಖರ್ಚಿನ ಲೆಕ್ಕಕ್ಕೂ ಸಲ್ಲದು.

ಈ ತಪ್ಪಿನ ಬೇರು ಒಂದು ಚಿತ್ರದಲ್ಲಿದೆ. ವಸತಿರಹಿತ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬಸ್ ನಿಲ್ದಾಣದ ಮೂಲೆಯಲ್ಲಿ ಗೋಣಿಚೀಲ ಹೊದ್ದು ಮಲಗಿದ ಒಂಟಿ ಗಂಡಸು. 2011ರ ಜನಗಣತಿಯವರು ಫೆಬ್ರುವರಿ 28ರ ರಾತ್ರಿ ಫುಟ್‌ಪಾತು, ಮೇಲ್ಸೇತುವೆಯ ಅಡಿ, ದೊಡ್ಡ ಸಿಮೆಂಟು ಕೊಳವೆ, ರೈಲು ನಿಲ್ದಾಣಗಳಲ್ಲಿ ತಲೆ ಎಣಿಸಿದಾಗ ದೇಶದಲ್ಲಿ ಸಿಕ್ಕ ಸೂರಿಲ್ಲದವರು 17.7 ಲಕ್ಷ. ಅದೇ ಗಣತಿಯ ಪ್ರಕಾರ ಸೂರಿಲ್ಲದ ಕುಟುಂಬಗಳು ಸುಮಾರು 4.5 ಲಕ್ಷ. ಭಾಗಿಸಿ ನೋಡಿದರೆ ಕುಟುಂಬಕ್ಕೆ ಹೆಚ್ಚುಕಡಿಮೆ ನಾಲ್ಕು ಜನ. ಅಂದರೆ ಆ ರಾತ್ರಿ ಬಯಲಲ್ಲಿ ಮಲಗಿದ್ದವರಲ್ಲಿ ದೊಡ್ಡ ಪಾಲು ಗಂಡ, ಹೆಂಡತಿ, ಮಕ್ಕಳು. ಇದು ಒಂದೇ ರಾತ್ರಿಯ ಲೆಕ್ಕ, ಕಣ್ಣಿಗೆ ಬಿದ್ದವರ ಲೆಕ್ಕ. ಕಟ್ಟಡ ಕೆಲಸದ ತಗಡಿನ ಶೆಡ್ಡುಗಳಲ್ಲಿ ಇರುವವರು ಇದರೊಳಗೆ ಬರುವುದೇ ಇಲ್ಲ. ಯಾದಗಿರಿ, ರಾಯಚೂರು, ಕಲಬುರಗಿ, ಕೊಪ್ಪಳದ ಕಡೆಯಿಂದ ಬೆಂಗಳೂರಿಗೆ ಗುಳೆ ಬರುವವರು ಒಬ್ಬೊಬ್ಬರೇ ಬರುವುದಿಲ್ಲ, ಜೋಡಿಯಾಗಿ ಬರುತ್ತಾರೆ, ಕಂಕುಳಲ್ಲಿ ಕೂಸಿರುತ್ತದೆ. ಕೆಲಸ ಮುಗಿದ ದಿನ ಶೆಡ್ಡು ಕೀಳುತ್ತಾರೆ. ಮುಂದಿನ ಕೆಲಸ ಸಿಗುವವರೆಗೆ ಟಾರ್ಪಾಲೇ ಮನೆ.

ಇಂಥ ಜೋಡಿ ಒಂದು ಮಳೆಯ ರಾತ್ರಿ ಸರ್ಕಾರದ ಬಾಗಿಲು ತಟ್ಟಿತು ಎಂದಿಟ್ಟುಕೊಳ್ಳೋಣ. ಗಂಡನಿಗೆ ಗಂಡಸರ ರಾತ್ರಿ ತಂಗುದಾಣ. ಹೆಂಡತಿಗೆ, ಅವಳ ಅದೃಷ್ಟ ಚೆನ್ನಾಗಿದ್ದರೆ, ಮಹಿಳೆಯರ ಆಶ್ರಯಧಾಮ. ಮಗುವಿಗೆ ಬಾಲಮಂದಿರ. ಕೇಂದ್ರದ ಸ್ವಾಧಾರ ಗೃಹ ಯೋಜನೆಯ ನಿಯಮವನ್ನೇ ನೋಡಿ: ತಾಯಿಯ ಜೊತೆ ಹೆಣ್ಣುಮಕ್ಕಳು 18ರವರೆಗೆ ಇರಬಹುದಿತ್ತು, ಗಂಡುಮಕ್ಕಳು 8 ವರ್ಷದವರೆಗೆ ಮಾತ್ರ, 8 ದಾಟಿದ ಹುಡುಗನನ್ನು ಮಕ್ಕಳ ಗೃಹಕ್ಕೆ ಕಳಿಸಬೇಕಿತ್ತು. ಆ ಯೋಜನೆ ಈಗ ಶಕ್ತಿ ಸದನ ಎಂಬ ಹೆಸರಿನಲ್ಲಿ ಬೇರೊಂದರ ಜೊತೆ ಸೇರಿದೆ, ಆದರೆ ಹುಡುಗನಿಗೆ ವಯಸ್ಸಿನ ಗೆರೆ ಎಳೆಯುವ ಆಲೋಚನೆ ಎಲ್ಲೂ ಹೋಗಿಲ್ಲ. ಹಳೆಯ ನಿಯಮದಲ್ಲಿ ಎರಡನೇ ತರಗತಿಯ ಹುಡುಗನೊಬ್ಬ ಹುಟ್ಟುಹಬ್ಬದ ಮಾರನೆಯ ದಿನ ತಾಯಿಯ ಪಕ್ಕದಲ್ಲಿ ಮಲಗಲು ಅನರ್ಹನಾಗುತ್ತಿದ್ದ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಮಾತ್ರ ಕಾಗದದ ಮೇಲೆ ಸರಿಯಾಗಿತ್ತು: ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವಷ್ಟು ಕಾಯಂ ಆಶ್ರಯ, ತಲೆಗೆ 50 ಚದರಡಿ, ಕುಟುಂಬಗಳಿಗೆ ಮರೆಯಿರುವ ಪ್ರತ್ಯೇಕ ಆಶ್ರಯ. ಈ ಲೆಕ್ಕದಂತೆ ಬೆಂಗಳೂರಿನ 2011ರ 84 ಲಕ್ಷ ಜನಸಂಖ್ಯೆಗೇ 8,400 ಜನರ ಜಾಗ ಆಗಬೇಕಿತ್ತು. ಊರು ಆಮೇಲೆ ಬೆಳೆದಿದೆ, ಆಶ್ರಯಗಳು ಆ ಅಂಕಿಯ ಹತ್ತಿರವೂ ಸುಳಿದಿಲ್ಲ. ಇರುವುದರಲ್ಲೂ ಸಂಸಾರ ಸಮೇತ ಇರಬಹುದಾದ ಜಾಗ ಹುಡುಕಿದರೂ ಸಿಗುವುದು ಕಷ್ಟ.

ಕಾನೂನು ಈ ಒಡಕನ್ನು ಇನ್ನಷ್ಟು ಗಟ್ಟಿ ಮಾಡಿದೆ. 2015ರ ಬಾಲನ್ಯಾಯ ಕಾಯ್ದೆಯ 2(14)ನೇ ಕಲಮು ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು ಯಾರು ಎಂದು ಪಟ್ಟಿ ಕೊಡುತ್ತದೆ. ಆ ಪಟ್ಟಿಯ ಮೊದಲ ಸಾಲಿನಲ್ಲೇ ಇರುವುದು ಮನೆಯೂ ಖಾಯಂ ನೆಲೆಯೂ ಇಲ್ಲದ, ಜೀವನಕ್ಕೆ ದಾರಿ ಕಾಣದ ಮಗು. ಒಳ್ಳೆಯ ಉದ್ದೇಶದ ಸಾಲು. ಆದರೆ ಅದು ಕೆಲಸ ಮಾಡುವ ರೀತಿ ನೋಡಿ. ಯಾರೋ 1098ಕ್ಕೆ ಕರೆ ಮಾಡುತ್ತಾರೆ, ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುತ್ತಾರೆ. ಸಮಿತಿ ಕೇಳುತ್ತದೆ, ಮನೆ ಎಲ್ಲಿ? ಇಲ್ಲ. ವಿಳಾಸದ ದಾಖಲೆ? ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ತಾಯಿ ಕಾರ್ಡೊಂದು ಇದ್ದರೆ ಪುಣ್ಯ, ಅದರಲ್ಲಿರುವುದೂ ಊರಿನ ವಿಳಾಸ. ಮನೆ ಪರಿಶೀಲನೆ ಮಾಡಿ ವರದಿ ಕೊಡಬೇಕಾದ ಸಮಾಜ ಕಾರ್ಯಕರ್ತರು ಪರಿಶೀಲಿಸಲು ಮನೆಯೇ ಇಲ್ಲ ಎಂದು ಬರೆಯುತ್ತಾರೆ. ವರದಿಯಲ್ಲಿ ಸುಳ್ಳೇನೂ ಇಲ್ಲ. ಹೀಗೆ ಸಂಸಾರದ ಕಷ್ಟವೇ ಸಂಸಾರ ಒಡೆಯಲು ಸಾಕ್ಷಿಯಾಗಿ ನಿಲ್ಲುತ್ತದೆ. ಅದೇ ಕಾಯ್ದೆಯ 3ನೇ ಕಲಮು ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ ಎಂದು ತತ್ವ ಹೇಳಿದೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2009ರಲ್ಲಿ ಒಪ್ಪಿದ ಪರ್ಯಾಯ ಪಾಲನೆಯ ಮಾರ್ಗಸೂಚಿಯೂ ಬಡತನವೊಂದನ್ನೇ ಕಾರಣ ಮಾಡಿಕೊಂಡು ಮಗುವನ್ನು ಹೆತ್ತವರಿಂದ ಬೇರೆ ಮಾಡಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದರೆ ಮೊದಲ ದಾರಿಯಾದ ಕೋಣೆಯೇ ಇಲ್ಲದ ಕಡೆ ಕಟ್ಟಕಡೆಯದು ತಾನಾಗಿ ಮೊದಲನೆಯದಾಗುತ್ತದೆ.

ತಾಯಿಗೇ ಹದಿನೆಂಟು ತುಂಬಿರದಿದ್ದರೆ ಗಂಟು ಇನ್ನೂ ಬಿಗಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 20ರಿಂದ 24ರ ವಯಸ್ಸಿನ ಹೆಂಗಸರಲ್ಲಿ ಶೇ. 21.3 ಮಂದಿಗೆ ಹದಿನೆಂಟಕ್ಕೆ ಮೊದಲೇ ಮದುವೆಯಾಗಿತ್ತು. ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ನಮ್ಮ ರಾಜ್ಯ ಕೇಂದ್ರದ ಕಾಯ್ದೆಗೆ ತಿದ್ದುಪಡಿ ತಂದಿದೆ, ಅದು ಸರಿಯಾದ ಕೆಲಸವೇ. ಹದಿನೇಳರ ಬಸುರಿ ಆಸ್ಪತ್ರೆಗೆ ಬಂದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು, ಅದಕ್ಕೂ ಕಾರಣವಿದೆ. ಆದರೆ ಇವೆಲ್ಲ ಒಟ್ಟಿಗೆ ಬಂದು ಬೀಳುವುದು ಒಬ್ಬ ಹುಡುಗಿಯ ಮೇಲೆ. ಕಾನೂನಿನ ಕಣ್ಣಿಗೆ ಅವಳು ಹೆಂಡತಿಯಲ್ಲ, ಸ್ವತಃ ರಕ್ಷಣೆ ಬೇಕಾದ ಮಗು, ಗಂಡ ಆರೋಪಿ, ಕೂಸು ಇನ್ನೊಂದು ಕಡತ. ಅವಳು ಏನು ಮಾಡುತ್ತಾಳೆ? ಆಸ್ಪತ್ರೆ, ಅಂಗನವಾಡಿ, ಆಶ್ರಯ ಎಲ್ಲದರಿಂದಲೂ ದೂರ ಉಳಿಯುತ್ತಾಳೆ. ಬಾಲ್ಯವಿವಾಹ ಮಾಡಿಸಿದ ಹಿರಿಯರನ್ನು ಶಿಕ್ಷಿಸಿ, ಬೇಡ ಎಂದವರಾರು? ಆದರೆ ತಾಯಿ ಮಗು ಇಬ್ಬರೂ ಬೇರೆಯಾಗದೆ ಒಂದೇ ಕಡೆ ಇರಬಹುದಾದ ಜಾಗವನ್ನು ಮೊದಲು ಮಾಡದೆ ಕಾನೂನನ್ನು ಮಾತ್ರ ಬಿಗಿಮಾಡುತ್ತಾ ಹೋದರೆ ಅವಳು ಇನ್ನಷ್ಟು ಕತ್ತಲೆಗೆ ಸರಿಯುತ್ತಾಳೆ ಅಷ್ಟೆ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಕರ್ನಾಟಕದಲ್ಲಿ ಹಾಸ್ಟೆಲು ಎಂಬುದು ಬಡವರ ಮಕ್ಕಳ ಪಾಲಿಗೆ ಏಣಿಯಾಗಿ ಬಂದಿದೆಯಲ್ಲವೆ? ಸಿದ್ಧಗಂಗೆಯಂಥ ಮಠಗಳ ದಾಸೋಹ ಮತ್ತು ಉಚಿತ ವಿದ್ಯಾರ್ಥಿನಿಲಯಗಳಿಂದ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿಂದ ಎಷ್ಟು ತಲೆಮಾರು ಮೇಲೆ ಬಂದಿಲ್ಲ? ನಿಜ, ಇದನ್ನು ಅಲ್ಲಗಳೆಯುವವನು ನಾಡಿನ ಇತಿಹಾಸ ಅರಿಯದವನು. ಆದರೆ ಆ ಮಕ್ಕಳು ಬಂದದ್ದು ಮನೆಯಿಂದ, ಹೆತ್ತವರ ಕೈಹಿಡಿದು, ಅಕ್ಷರ ಕಲಿಯುವ ವಯಸ್ಸಿಗೆ. ಬೇಸಿಗೆ ರಜೆಗೆ, ಜಾತ್ರೆಗೆ, ಹಬ್ಬಕ್ಕೆ ಅವರು ಊರಿಗೆ ಹೋಗುತ್ತಿದ್ದರು, ಹೋಗಲು ಒಂದು ಊರಿತ್ತು. ಹತ್ತು ತಿಂಗಳ ಕೂಸನ್ನು ಸಮಿತಿಯ ಆದೇಶದ ಮೇಲೆ ಸಂಸ್ಥೆಗೆ ಸೇರಿಸುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ. ಎಳೆಯ ಮಕ್ಕಳ ಮೇಲೆ ಸಂಸ್ಥೆಯ ಬದುಕು ಏನು ಮಾಡುತ್ತದೆ ಎನ್ನುವುದಕ್ಕೆ ರುಮೇನಿಯಾದ ಬುಕಾರೆಸ್ಟಿನಲ್ಲಿ ಈ ಶತಮಾನದ ಆರಂಭದಲ್ಲಿ ಶುರುವಾದ ಅಧ್ಯಯನ ಬಲವಾದ ಸಾಕ್ಷಿ. ಅನಾಥಾಲಯಗಳಲ್ಲಿದ್ದ 136 ಶಿಶುಗಳಲ್ಲಿ ಅರ್ಧದಷ್ಟನ್ನು ಚೀಟಿ ಎತ್ತಿದಂತೆ ಆರಿಸಿ ಪೋಷಕ ಕುಟುಂಬಗಳಿಗೆ ಕೊಟ್ಟು, ಉಳಿದವರ ಜೊತೆ ವರ್ಷಗಟ್ಟಲೆ ಹೋಲಿಸಿದರು. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿಯ ಬೆಳವಣಿಗೆ ಮುಂದಿತ್ತು, ಎರಡು ವರ್ಷ ತುಂಬುವ ಮೊದಲೇ ಹೋದವರದು ಇನ್ನೂ ಮುಂದಿತ್ತು. ಎಂದೂ ಸಂಸ್ಥೆ ಕಾಣದೆ ಸ್ವಂತ ಮನೆಯಲ್ಲಿ ಬೆಳೆದ ಸಾಮಾನ್ಯ ಮಕ್ಕಳು ಎಲ್ಲರಿಗಿಂತ ಚೆನ್ನಾಗಿದ್ದರು. ಊಟ, ಬಟ್ಟೆ, ಸೂರು ಮೂರೂ ಅನಾಥಾಲಯದಲ್ಲಿ ಇದ್ದವು. ಅತ್ತರೆ ಪ್ರತಿಸಲವೂ ಬಂದು ಎತ್ತಿಕೊಳ್ಳುವ ಒಂದೇ ಮುಖ ಇರಲಿಲ್ಲ.

ಹಾಗಾದರೆ ಸಂಸಾರಕ್ಕೆ ಕೋಣೆ ಕೊಟ್ಟರೆ ನಡೆದೀತೆ? ಮೊದಲು ಇವರನ್ನು ತಿದ್ದಬೇಕು, ಕೌಶಲ ತರಬೇತಿ, ಕುಡಿತ ಬಿಡಿಸುವುದು, ಉಳಿತಾಯ ಕಲಿಸುವುದು ಎಲ್ಲ ಆದ ಮೇಲೆ ಮನೆ ಎನ್ನುವ ವಾದವಿದೆ. ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿ ನೋಡಿದ್ದು ಅಮೆರಿಕದ ವಸತಿ ಇಲಾಖೆ. 2010ರಿಂದ 2012ರ ನಡುವೆ ಹನ್ನೆರಡು ಪ್ರದೇಶಗಳ ತುರ್ತು ಆಶ್ರಯಗಳಲ್ಲಿದ್ದ 2,282 ಕುಟುಂಬಗಳನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಬಹುಪಾಲು ಒಂಟಿ ತಾಯಂದಿರು, ಇಪ್ಪತ್ತರ ಹರೆಯದವರೇ ಹೆಚ್ಚು. ಕೆಲವರಿಗೆ ದೀರ್ಘಕಾಲದ ಬಾಡಿಗೆ ನೆರವು, ಕೆಲವರಿಗೆ ಅಲ್ಪಾವಧಿಯ ಬಾಡಿಗೆ ನೆರವು, ಕೆಲವರಿಗೆ ತರಬೇತಿ ಮತ್ತು ಮೇಲ್ವಿಚಾರಣೆಯಿರುವ ತಾತ್ಕಾಲಿಕ ವಸತಿಗೃಹ, ಉಳಿದವರಿಗೆ ಎಂದಿನ ಆಶ್ರಯ. ಮೂರು ವರ್ಷವಾದ ಮೇಲೆ ನೋಡಿದರೆ ದೀರ್ಘಕಾಲದ ಬಾಡಿಗೆ ನೆರವು ಸಿಕ್ಕವರು ಮತ್ತೆ ಬೀದಿಪಾಲಾಗುವುದು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ತಿದ್ದಿ ತೀಡುವ ತಾತ್ಕಾಲಿಕ ವಸತಿಗೃಹದವರು ಎಂದಿನ ಆಶ್ರಯದವರಿಗಿಂತ ಹೇಳಿಕೊಳ್ಳುವಷ್ಟು ಮೇಲೇನೂ ಇರಲಿಲ್ಲ. ಖರ್ಚಿನ ಅಂಕಿ ಇನ್ನೂ ಕುತೂಹಲದ್ದು: ತುರ್ತು ಆಶ್ರಯದಲ್ಲಿ ಒಂದು ಕುಟುಂಬಕ್ಕೆ ತಿಂಗಳಿಗೆ ಸುಮಾರು 4,800 ಡಾಲರ್ ತಗುಲುತ್ತಿದ್ದರೆ ಬಾಡಿಗೆ ನೆರವಿಗೆ ಬೇಕಾದದ್ದು ಸುಮಾರು 1,160 ಡಾಲರ್. ನೆರವು ಹೆಚ್ಚು ಕಾಲ ನಡೆಯುವುದರಿಂದ ಮೂರು ವರ್ಷದ ಒಟ್ಟು ವೆಚ್ಚ ಶೇ. 9ರಷ್ಟು ಹೆಚ್ಚಾಯಿತು, ಇದನ್ನು ಮುಚ್ಚಿಡಬೇಕಿಲ್ಲ. ಅಮೆರಿಕದ ಊರುಗಳ ಫಲಿತಾಂಶ ಬೆಂಗಳೂರಿಗೂ ಹುಬ್ಬಳ್ಳಿಗೂ ಹಾಗೆಯೇ ಒಪ್ಪುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಮೊದಲು ತಿದ್ದು, ಆಮೇಲೆ ಮನೆ ಎನ್ನುವವರ ಬಳಿ ಇಂಥದೊಂದು ಪರೀಕ್ಷೆಯ ಬೆಂಬಲವೂ ಇಲ್ಲ, ಇರುವುದು ಬರೀ ಆತ್ಮವಿಶ್ವಾಸ.

ನಮ್ಮ ನೆಲದ ಲೆಕ್ಕಕ್ಕೆ ಬರೋಣ. ಬೆಂಗಳೂರಿನಲ್ಲಿ ಒಂದು ಶೀಟ್ ಮನೆಗೆ ಬಾಡಿಗೆ ಐದು ಸಾವಿರ ಎಂದಿಟ್ಟುಕೊಳ್ಳಿ. ಗಾರೆ ಕೆಲಸದ ಗಂಡ, ಮನೆಗೆಲಸದ ಹೆಂಡತಿ ದುಡಿದು ಆ ಐದು ಸಾವಿರ ಕಟ್ಟಬಲ್ಲರು. ಎಷ್ಟೋ ಮಂದಿ ಕಟ್ಟುತ್ತಲೇ ಇದ್ದಾರೆ. ಎಡವುವುದು ಮುಂಗಡದಲ್ಲಿ. ಹತ್ತು ತಿಂಗಳ ಬಾಡಿಗೆ ಒಟ್ಟಿಗೆ ಕೊಡಿ ಎಂದರೆ ಐವತ್ತು ಸಾವಿರ. ಆ ದುಡ್ಡು ಕೈಯಲ್ಲಿದ್ದರೆ ಅವರು ಬೀದಿಗೆ ಏಕೆ ಬರುತ್ತಿದ್ದರು? ಮನೆಯಿಲ್ಲ ಎಂದರೆ ಮನೆಯೊಂದೇ ಇಲ್ಲ ಎಂದಲ್ಲ. ನಮ್ಮ ಐದು ಗ್ಯಾರಂಟಿಗಳನ್ನೇ ತೆಗೆದುಕೊಳ್ಳಿ. ಗೃಹಜ್ಯೋತಿಗೆ ಮೀಟರು ಬೇಕು, ಆರ್.ಆರ್. ಸಂಖ್ಯೆ ಬೇಕು. ಗೃಹಲಕ್ಷ್ಮಿಯ ಎರಡು ಸಾವಿರಕ್ಕೆ ಯಜಮಾನಿಯ ಹೆಸರಿರುವ ಪಡಿತರ ಚೀಟಿ ಬೇಕು, ಅನ್ನಭಾಗ್ಯಕ್ಕೂ ಅದೇ ಚೀಟಿ ಬೇಕು. ಯುವನಿಧಿಗೆ ಪದವಿ ಇಲ್ಲವೆ ಡಿಪ್ಲೊಮಾ ಬೇಕು. ಸೂರಿಲ್ಲದ ತಾಯಿಗೆ ದಕ್ಕುವುದು ಬಸ್ಸಿನ ಉಚಿತ ಪ್ರಯಾಣವೊಂದೇ. ಅಂದರೆ ಬಡವರಿಗೆಂದು ರಾಜ್ಯ ಖರ್ಚು ಮಾಡುವ ಹಣದ ಬಹುಪಾಲು ಅತಿ ಬಡವರ ತಲೆಯ ಮೇಲೆ ಹಾರಿಹೋಗುತ್ತದೆ. ಮುಂಗಡಕ್ಕೆ ಪಾಲಿಕೆ ಜಾಮೀನು ನಿಂತು, ಮೊದಲ ವರ್ಷ ಬಾಡಿಗೆಯ ಒಂದು ಭಾಗ ಕೊಟ್ಟು, ಎರಡನೆಯ ವರ್ಷ ಅದನ್ನು ಇಳಿಸುತ್ತಾ ಬಂದರೆ ಆ ಸಂಸಾರ ತಾನಾಗಿಯೇ ಉಳಿದ ಯೋಜನೆಗಳ ಒಳಗೆ ಬರುತ್ತದೆ. ಜೊತೆಗೆ ಬೇಕಾದದ್ದು ಎರಡೇ: ದಾಖಲೆ ಮಾಡಿಸಿಕೊಡುವ ಒಬ್ಬ ಕಾರ್ಯಕರ್ತೆ, ತಾಯಿ ಕೆಲಸಕ್ಕೆ ಹೋದಾಗ ಕೂಸನ್ನು ನೋಡಿಕೊಳ್ಳುವ ಒಂದು ಕಡೆ. ನರೇಗಾ ಕೂಲಿ ಹೆಂಗಸರ ಮಕ್ಕಳಿಗೆ ಹಳ್ಳಿಗಳಲ್ಲಿ ಕೂಸಿನ ಮನೆ ತೆರೆದ ರಾಜ್ಯಕ್ಕೆ ನಗರದ ಕೂಲಿಯವಳ ಕೂಸು ನೆನಪಾಗದಿರುವುದು ವಿಚಿತ್ರ.

ಗಂಡ ಕುಡಿದು ಹೊಡೆಯುವವನಾದರೆ? ಸಂಸಾರ ಒಟ್ಟಿಗಿರಲಿ ಎನ್ನುವುದು ಅವಳನ್ನು ಅವನ ಕೈಗೇ ಒಪ್ಪಿಸಿದಂತಲ್ಲವೆ? ಇದು ಹೆಣ್ಣುಮಕ್ಕಳ ಪರ ಕೆಲಸ ಮಾಡುವವರೇ ಎತ್ತುವ ಪ್ರಶ್ನೆ, ಇದಕ್ಕೆ ಹಾರಿಕೆಯ ಉತ್ತರ ಸಲ್ಲದು. ಮೊದಲನೆಯದಾಗಿ, ಒಟ್ಟಿಗಿರುವುದು ಅವಳ ಆಯ್ಕೆಯಾಗಬೇಕು. ಅದಕ್ಕಾಗಿ ಕೋಣೆ ಅವಳ ಹೆಸರಿನಲ್ಲಿರಬೇಕು, ನೆರವು ಅವಳ ಖಾತೆಗೆ ಬರಬೇಕು. ಆಗ ಅವನನ್ನು ಹೊರಗೆ ಕಳಿಸುವ ಹಕ್ಕು ಅವಳದಾಗುತ್ತದೆ. ಈಗಿನ ಸ್ಥಿತಿ ಇದಕ್ಕೆ ಪೂರ್ತಿ ಉಲ್ಟಾ: ಬೀದಿಯಲ್ಲಿ ರಾತ್ರಿ ಒಂಟಿ ಹೆಂಗಸಿಗೆ ಕಾವಲೆಂದು ಇರುವವನು ಅವನೊಬ್ಬನೇ, ಆದ್ದರಿಂದ ಹೊಡೆದರೂ ಬಿಡಲಾಗುವುದಿಲ್ಲ, ಬಿಟ್ಟು ಆಶ್ರಯಧಾಮಕ್ಕೆ ಹೋದರೆ ದೊಡ್ಡ ಮಗನನ್ನು ಬಿಡಬೇಕು. ಮೇಲೆ ಹೇಳಿದ ಅಧ್ಯಯನದಲ್ಲೂ ಬಾಡಿಗೆ ನೆರವು ಸಿಕ್ಕ ತಾಯಂದಿರ ಮೇಲೆ ಸಂಗಾತಿಯ ಹಲ್ಲೆ ಗಣನೀಯವಾಗಿ ತಗ್ಗಿತ್ತು. ಬೀಗ ಹಾಕುವ ಅಧಿಕಾರ ಇರುವವಳನ್ನು ಹೊಡೆಯುವ ಮೊದಲು ಮನುಷ್ಯ ಸ್ವಲ್ಪ ಯೋಚಿಸುತ್ತಾನೆ. ಮಗುವಿನ ಮೇಲೇ ದೌರ್ಜನ್ಯ ನಡೆದಿದ್ದರೆ ಅದನ್ನು ಬೇರೆ ಮಾಡಲೇಬೇಕು, ಕಾನೂನಿನಲ್ಲಿ ಅದಕ್ಕೆ ಬೇರೆ ಸಾಲುಗಳೇ ಇವೆ. ಮನೆಯಿಲ್ಲದಿರುವುದನ್ನು ಆ ಸಾಲುಗಳ ಜೊತೆ ಸೇರಿಸಿ ಓದುವುದು ತಪ್ಪು.

ಸಿಗ್ನಲ್ಲಿನಲ್ಲಿ ಕಾಣುವ ಕೂಸುಗಳೆಲ್ಲ ಬಾಡಿಗೆಗೆ ತಂದವು ಎನ್ನುವ ಮಾತೂ ಊರ ತುಂಬ ಇದೆ. ಮಕ್ಕಳ ಸಾಗಣೆ ನಡೆಯುತ್ತದೆ, ಅದು ಘೋರ ಅಪರಾಧ, ತನಿಖೆ ಮಾಡಿ ಜೈಲಿಗೆ ಹಾಕಿ. ಆದರೆ ಅನುಮಾನವನ್ನೇ ನಿಯಮವಾಗಿಸಿ, ಬಡ ತಾಯಿಯೊಬ್ಬಳು ತಾನು ತಾಯಿ ಎಂದು ರುಜುವಾತು ಮಾಡುವವರೆಗೆ ಕಳ್ಳಿ ಎಂದು ಹಿಡಿದುಕೊಳ್ಳುವುದು ನ್ಯಾಯವಲ್ಲ. ಇಲ್ಲೂ ಕೋಣೆಯೇ ಸಹಾಯಕ್ಕೆ ಬರುತ್ತದೆ ಎನ್ನುವುದನ್ನು ಗಮನಿಸಿ: ವಿಳಾಸವಿರುವ, ಅಂಗನವಾಡಿಯ ಹಾಜರಿಪಟ್ಟಿಯಲ್ಲಿರುವ, ಲಸಿಕೆ ಹಾಕಿಸಿಕೊಳ್ಳುವ ಮಗುವನ್ನು ಯಾರೂ ಸುಲಭವಾಗಿ ಬಾಡಿಗೆಗೆ ಕೊಡಲಾಗುವುದಿಲ್ಲ.

ಇನ್ನು ಬಿಟ್ಟಿ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ಹಳೆಯ ರಾಗ. 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಪೀಠವೊಂದು, ಅದೂ ನಗರದ ವಸತಿರಹಿತರ ಆಶ್ರಯದ ಪ್ರಕರಣವನ್ನೇ ಆಲಿಸುತ್ತಿದ್ದಾಗ, ಉಚಿತ ಕೊಡುಗೆಗಳಿಂದ ಪರಾವಲಂಬಿಗಳ ವರ್ಗವೊಂದನ್ನು ಸೃಷ್ಟಿಸುತ್ತಿಲ್ಲವೇ ಎಂದು ಕೇಳಿತು. ಗೌರವದಿಂದಲೇ ಹೇಳಬೇಕು, ಪ್ರಶ್ನೆ ತಪ್ಪಾದ ಪ್ರಕರಣದಲ್ಲಿ ಬಂತು. ಸುಪ್ರೀಂ ಕೋರ್ಟೇ 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ ಮುಂಬಯಿಯ ಫುಟ್‌ಪಾತಿನ ನಿವಾಸಿಗಳು ಅಲ್ಲಿರುವುದು ಕೆಲಸ ಅಲ್ಲೇ ಹತ್ತಿರ ಇರುವುದರಿಂದ ಎಂದು ಗುರುತಿಸಿತ್ತು. ಅಮೆರಿಕದ ಅಧ್ಯಯನದಲ್ಲಿ ಬಾಡಿಗೆ ನೆರವು ಸಿಕ್ಕವರಲ್ಲಿ ಮೊದಮೊದಲು ದುಡಿಯುವವರ ಪ್ರಮಾಣ ತುಸು ತಗ್ಗಿದ್ದು ನಿಜ. ಮೂರು ವರ್ಷದ ಹೊತ್ತಿಗೆ ಆ ಅಂತರ ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಕೈಗೂಸಿನ ತಾಯಿ ಒಂದು ವರ್ಷ ಕಡಿಮೆ ದುಡಿದರೆ ಅದನ್ನು ಸೋಮಾರಿತನ ಎನ್ನುವವರು ತಮ್ಮ ಕಚೇರಿಯ ಹೆರಿಗೆ ರಜೆಯನ್ನು ಏನೆಂದು ಕರೆಯುತ್ತಾರೋ ತಿಳಿಯದು.

ದುಡ್ಡೆಲ್ಲಿದೆ ಎಂದು ಕೇಳುವವರು ತಮ್ಮ ಆಸ್ತಿ ತೆರಿಗೆಯ ಚೀಟಿಯನ್ನು ಒಮ್ಮೆ ತೆರೆದು ನೋಡಲಿ. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರಡಿ ಶೇ. 3ರ ಉಪಕರವನ್ನು ಮನೆ ಇರುವವರೆಲ್ಲ ಕಟ್ಟುತ್ತಲೇ ಬಂದಿದ್ದೇವೆ. ಅದರಿಂದ ನಡೆಯುವುದು ನಿರಾಶ್ರಿತರ ಪರಿಹಾರ ಕೇಂದ್ರಗಳು, ಅಂದರೆ ಬೀದಿಯಿಂದ ಹಿಡಿದು ತಂದವರನ್ನು ಇಡುವ ಜಾಗಗಳು. ಬೆಂಗಳೂರಿನ ಸುಮನಹಳ್ಳಿಯ ಕೇಂದ್ರದಲ್ಲಿ 2010ರ ಆಗಸ್ಟಿನಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತದ್ದು ನಾಡಿಗೆಲ್ಲ ಗೊತ್ತು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಸೆಸ್ಸಿನ ಹಣ ಸಾವಿರಾರು ಕೋಟಿ. ಕೆಲಸದ ಜಾಗದಲ್ಲಿ ಉಚಿತ ವಸತಿ, 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಪಾಲನಾ ಕೋಣೆ ಮಾಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಮಿಷನ್ ವಾತ್ಸಲ್ಯದಲ್ಲಿ ಮಗು ಮನೆಯವರ ಬಳಿಯೇ ಉಳಿಯಲಿ ಎಂದು ತಿಂಗಳಿಗೆ 4,000 ರೂಪಾಯಿಯ ಪ್ರಾಯೋಜಕತ್ವವಿದೆ. ಬಾಡಿಗೆಯ ದೊಡ್ಡ ಪಾಲು ಅದರಲ್ಲೇ ಬಂತು. ಆದರೆ ಮಗುವಿನ ಕಡತ ಮಹಿಳಾ ಮತ್ತು ಮಕ್ಕಳ ಇಲಾಖೆಯದು, ಆಶ್ರಯ ನಗರಾಡಳಿತದ್ದು, ಗಾರೆ ಕೆಲಸದ ಅಪ್ಪ ಕಾರ್ಮಿಕ ಇಲಾಖೆಯವನು, ಭಿಕ್ಷೆ ಬೇಡಿದರೆ ಸಮಾಜ ಕಲ್ಯಾಣ. ನಾಲ್ಕೂ ಇಲಾಖೆಗಳು ಒಂದೇ ಸಂಸಾರವನ್ನು ಹಂಚಿಕೊಂಡಿವೆ, ಯಾರ ಮೇಜಿನ ಮೇಲೂ ಆ ಸಂಸಾರ ಇಡಿಯಾಗಿ ಬಂದು ಕೂರುವುದಿಲ್ಲ. ಹೊಸ ಯೋಜನೆ, ಹೊಸ ಹೆಸರು, ಹೊಸ ಲಾಂಛನ ಏನೂ ಬೇಡ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ನಮೂನೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಮಗುವನ್ನು ಬೇರೆ ಮಾಡುವ ಮೊದಲು ಈ ಕುಟುಂಬಕ್ಕೆ ಒಟ್ಟಿಗಿರಲು ಕೋಣೆ ಒದಗಿಸಲಾಗಿತ್ತೆ, ಒದಗಿಸಿಲ್ಲವಾದರೆ ಕಾರಣವೇನು, ಯಾವ ಅಧಿಕಾರಿ ಹೊಣೆ. ಆ ಸಾಲು ಖಾಲಿ ಇರುವ ಆದೇಶಕ್ಕೆ ಸಹಿ ಬೀಳಬಾರದು.